ಅಭ್ಯಾಸದ ರೊಟ್ಟಿ

ಹೊಳೆಯ ದಂಡೆಯಲ್ಲಿ ಒಂದು ಊರು. ಆ ಊರಲ್ಲೊಂದು ಹಳೆಯ ಚರ್ಚು. ಚರ್ಚಿನ ಮಗ್ಗುಲಿಗೆ, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಒಂದೇ ಒಂದು ಕೋಣೆ.

ಆ ಕೋಣೆಯ ಬೀಗದ ಕೈ ಇನ್ನಾಸಪ್ಪ ತಾತನ ಉಡಿದಾರದಲ್ಲಿ ಇರುತ್ತಿತ್ತು. ತಾತ ಆ ಊರಿನ ಉಪದೇಶಿ. ಫಾದರುಗಳು ಬಂದರು, ವರ್ಗವಾಗಿ ಹೋದರು. ಮಕ್ಕಳಿಗೆ ಜಪ ಕಲಿಸಿ, ಪೂಜೆಯಲ್ಲಿ ಪವಿತ್ರ ರೊಟ್ಟಿ ತೆಗೆದುಕೊಳ್ಳುವ ಮೊದಲ ಪರಮಪ್ರಸಾದಕ್ಕೆ ಅಣಿಮಾಡಲು ತಾತ ಮಾತ್ರ ಉಳಿದರು.

ಅದೇ ಊರಿನ ರೆಜಿನಾ ಓದು ಮುಗಿಸಿ ಬಂದು, ತಾತನ ಎದುರು ನಿಂತಳು.

"ಉಪದೇಶಿ ಕೆಲಸ ನನಗೂ ಕಲಿಸಿ, ತಾತ."

ತಾತ ಆ ವರ್ಷದ ಮೊದಲ ಪರಮಪ್ರಸಾದದ ಮಕ್ಕಳನ್ನು ಅವಳಿಗೆ ಒಪ್ಪಿಸಿದರು. ಬೀಗದ ಕೈ ಒಪ್ಪಿಸಲಿಲ್ಲ. ಭಾನುವಾರ ಭಾನುವಾರ ತಾವೇ ಬಂದು ಬಾಗಿಲು ತೆಗೆಯುತ್ತಿದ್ದರು.

ರೆಜಿನಾಗೆ ಅದು ಚುಚ್ಚುತ್ತಿತ್ತು.

"ಬೀಗದ ಕೈ ಯಾವಾಗ ಕೊಡ್ತೀರಿ, ತಾತ?"

"ನಿಂಗೆ ಹೆದರಿಕೆ ಬಂದಾಗ."

"ನನಗೆ ದೇವರ ಭಯ ಚೆನ್ನಾಗೇ ಇದೆ."

"ಅದಿರಲಿ," ಎಂದು ತಾತ ಬಾಗಿಲು ತಳ್ಳಿದರು.

ವಯಸ್ಸಾದವರ ಒಗಟು ಎಂದುಕೊಂಡು ರೆಜಿನಾ ಒಳಗೆ ಹೋದಳು.

ತಾತನ ತರಗತಿ ಸಂತೆಯ ಹಾಗಿರುತ್ತಿತ್ತು. ಒಬ್ಬ ಇನ್ನೊಬ್ಬನನ್ನು ಗಿಲ್ಲುತ್ತಿದ್ದ. ಒಬ್ಬಳು ಕಡಲೆಕಾಯಿ ಸುಲಿಯುತ್ತಿದ್ದಳು. ನಡುವೆ ತಾತ ನಗುತ್ತ ಬೈಬಲಿನ ನೋಹನ ಹಡಗಿನ ಕಥೆ ಕಟ್ಟುತ್ತಿದ್ದರು. ರೆಜಿನಾ ಕೈಗೆ ಬಂದ ಮೇಲೂ ಕೆಲವು ವಾರ ಅದೇ ಸಂತೆ ನಡೆಯಿತು.

ಆಮೇಲೊಂದು ದಿನ ಅವಳು ತಾತನನ್ನು ಕಿಟಕಿಯ ಬಳಿಗೆ ಕರೆದಳು.

"ಈಗ ನೋಡಿ. ಸೂಜಿ ಬಿದ್ದರೂ ಕೇಳಿಸುತ್ತೆ."

ತಾತ ಇಣುಕಿದರು. ಮಕ್ಕಳು ಕೈಕಟ್ಟಿ ಕೂತಿದ್ದರು. ಯಾರೂ ಯಾರನ್ನೂ ಗಿಲ್ಲುತ್ತಿರಲಿಲ್ಲ.

"ಏನು ಮಾಡ್ದೆ ಇವರಿಗೆ?"

"ಒಂದು ಕಥೆ ಹೇಳಿದೆ, ಅಷ್ಟೇ."

"ಎಂಥ ಕಥೆ?"

"ಏನೋ, ನಮ್ಮಜ್ಜಿ ಹೇಳ್ತಿದ್ದದ್ದು."

ತಾತ ಇನ್ನೊಂದು ಸಲ ಕೇಳಬೇಕಿತ್ತು. ಕೇಳಲಿಲ್ಲ. ಗುರುಗಳಾದವರೂ ಒಮ್ಮೊಮ್ಮೆ ನಿಶ್ಶಬ್ದಕ್ಕೆ ಮರುಳಾಗುತ್ತಾರೆ.

ಕಥೆ ಇಷ್ಟೇ. ಪರಮಪ್ರಸಾದ ಎಂದರೆ ಸಾಕ್ಷಾತ್ ಯೇಸುಸ್ವಾಮಿ. ಅದನ್ನು ನಾಲಗೆಯ ಮೇಲೆ ತೆಗೆದುಕೊಂಡು ಹಾಗೇ ನುಂಗಬೇಕು. ಹಲ್ಲಿಗೆ ತಾಗಿಸಬಾರದು. ಒಬ್ಬ ಹುಡುಗ ಬೇಕೆಂದೇ ಕಚ್ಚಿದ. ಅವನ ಬಾಯಿ ತುಂಬ ರಕ್ತ ಬಂತು. ತೊಳೆದರೂ ನಿಲ್ಲಲಿಲ್ಲ. ಆಮೇಲೆ ಅವನು ಏನಾದ ಎಂದು ಯಾರಿಗೂ ಗೊತ್ತಿಲ್ಲ.

ಕೊನೆಯ ಮಾತನ್ನು ಅಜ್ಜಿ ಹೇಳಿರಲಿಲ್ಲ. ಅದು ರೆಜಿನಾ ಸೇರಿಸಿದ್ದು.

ಮೊದಲ ಪರಮಪ್ರಸಾದದ ಹಿಂದಿನ ದಿನ ಮಕ್ಕಳಿಗೆ ಅಭ್ಯಾಸದ ರೊಟ್ಟಿ ಕೊಡುವುದು ರೂಢಿ. ಕಾನ್ವೆಂಟಿನ ಸಿಸ್ಟರುಗಳು ಸುಡುವ ಅದೇ ತೆಳ್ಳನೆಯ ಬಿಳಿ ಬಿಲ್ಲೆ. ಪೂಜೆಯಲ್ಲಿ ಇಟ್ಟು ಅರ್ಪಿಸುವ ತನಕ ಅದು ಬರೀ ಗೋಧಿಹಿಟ್ಟು ಮತ್ತು ನೀರು.

"ಇದು ಬರೀ ರೊಟ್ಟಿ," ಎಂದಳು ರೆಜಿನಾ. "ಆದರೂ ಕಚ್ಚಬೇಡಿ. ಅಭ್ಯಾಸ ಆಗಲಿ."

ಮಕ್ಕಳು ಕಣ್ಣು ಮುಚ್ಚಿ ನುಂಗಿದರು. ಒಬ್ಬನಿಗೆ ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಆದರೂ ಅವನು ಕಚ್ಚಲಿಲ್ಲ.

ಸಾಲಿನ ಕೊನೆಯಲ್ಲಿ ಅಗ್ನೇಸು ಇದ್ದಳು. ಲೂರ್ದಮ್ಮನ ಮಗಳು. ಅವಳ ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು.

"ರೆಜಿನಕ್ಕ, ತಾನಾಗೇ ತಾಗಿಬಿಟ್ರೆ?"

"ತಾಗಬಾರದು," ಎಂದಳು ರೆಜಿನಾ.

ಮರುದಿನ ಬೆಳಿಗ್ಗೆ ಪೂಜೆ. ಹುಡುಗಿಯರು ಬಿಳಿ ಫ್ರಾಕು ತೊಟ್ಟು, ತಲೆಗೆ ಬಿಳಿ ಮುಸುಕು ಹಾಕಿ, ಹೂವಿನ ಕಿರೀಟ ಇಟ್ಟುಕೊಂಡಿದ್ದರು. ಅಗ್ನೇಸು ಬಾಯಿ ತೆರೆದಳು, ಪ್ರಸಾದ ತೆಗೆದುಕೊಂಡಳು, ಬಾಯಿ ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ಹಾಡು ಹಾಡುವಾಗಲೂ ತೆರೆಯಲಿಲ್ಲ.

ಭಕ್ತಿ ಎಂದುಕೊಂಡಳು ರೆಜಿನಾ.

ಪೂಜೆ ಮುಗಿಸಿ ಫಾದರ್ ಪಕ್ಕದೂರಿನ ಪೂಜೆಗೆ ಬೈಕು ಹತ್ತಿದರು. ಜನ ಚರ್ಚಿನ ಹಿಂದಿನ ಚಪ್ಪರದಲ್ಲಿ ಎಲೆಯ ಮುಂದೆ ಕೂತರು. ಉಪ್ಪಿಟ್ಟು, ಕೇಸರಿಬಾತು, ಬಾಳೆಹಣ್ಣು, ಕಜ್ಜಾಯ. ಆ ಊರಲ್ಲೊಂದು ಪದ್ಧತಿ ಇದೆ. ಮೊದಲ ಪರಮಪ್ರಸಾದ ತೆಗೆದುಕೊಂಡ ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ಕಜ್ಜಾಯ ಕಚ್ಚಬೇಕು. ಎಲ್ಲ ಮಕ್ಕಳೂ ಕಚ್ಚುವ ತನಕ ದೊಡ್ಡವರು ಎಲೆಗೆ ಕೈ ಹಚ್ಚುವಂತಿಲ್ಲ. ಆ ದಿನ ಮಕ್ಕಳೇ ಹಿರಿಯರು.

ಮಕ್ಕಳು ಕಚ್ಚುತ್ತ ಬಂದರು. ಅಗ್ನೇಸಿನ ಸರದಿ ಬಂತು.

ಅವಳು ಕಜ್ಜಾಯ ಹಿಡಿದು ನಿಂತಳು. ಬಾಯಿ ತೆರೆಯಲಿಲ್ಲ.

"ಕಚ್ಚು ಮರಿ," ಎಂದರು ಯಾರೋ.

"ಹಸಿವಾಗಿದೆ ಕಣವ್ವ, ಬೇಗ," ಎಂದು ಇನ್ನೊಬ್ಬರು ನಕ್ಕರು.

ಲೂರ್ದಮ್ಮನಿಗೆ ನಾಚಿಕೆಯಾಯಿತು. "ಎಲ್ಲರೂ ಕಾಯ್ತಾ ಅವ್ರೆ. ಏನು ಹಟ ಇದು?" ಎಂದು ಮಗಳ ಗಲ್ಲ ಹಿಡಿದಳು.

ಅಗ್ನೇಸು ಕೈ ಕೊಡವಿ ಓಡಿದಳು. ಕಜ್ಜಾಯ ಮಣ್ಣಿನ ಮೇಲೆ ಬಿತ್ತು.

ಬರುತ್ತಾಳೆ ಬಿಡಿ ಎಂದರು. ಬರಲಿಲ್ಲ. ಮನೆಯಲ್ಲಿ ನೋಡಿದರು. ಸ್ಮಶಾನದ ಗೋಡೆಯ ಹಿಂದೆ ನೋಡಿದರು. ಅಲ್ಲಿಂದ ಮುಂದಕ್ಕೆ ಹೊಳೆ.

ಹೊಳೆಯ ಹೆಸರನ್ನು ಮೊದಲು ಯಾರು ಎತ್ತಿದರೋ. ಗಂಡಸರು ಪಂಚೆ ಮೇಲೆತ್ತಿ ಕಟ್ಟಿ, ಚಪ್ಪರದ ಗಳ ಕಿತ್ತುಕೊಂಡು ದಂಡೆಗೆ ಇಳಿದರು. ಲೂರ್ದಮ್ಮ ಹೊಳೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳಲಿಲ್ಲ. ಗಳ ನೀರಿಗೆ ಇಳಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು.

ರೆಜಿನಾ ದಂಡೆಯುದ್ದಕ್ಕೂ ಓಡಿದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಲಂಟಾನದ ಮುಳ್ಳಿಗೆ ಏನೋ ಬೆಳ್ಳಗೆ ಸಿಕ್ಕಿಕೊಂಡಿತ್ತು.

ಮುಸುಕು.

ಬಿಡಿಸಿ ನೋಡಿದಳು. ಅಂಚಿನಲ್ಲಿ ರಕ್ತ. ಬಾಯಿ ಒರೆಸಿಕೊಂಡ ಗುರುತು.

ತಾನಾಗೇ ತಾಗಿಬಿಟ್ರೆ ಎಂದು ಅಗ್ನೇಸು ಕೇಳಿದ ಮಾತು ನೆನಪಾಯಿತು. ತಾನು ಕೊಟ್ಟ ಉತ್ತರವೂ ನೆನಪಾಯಿತು. ಆಮೇಲೆ ಅವನು ಏನಾದ ಎಂದು ಯಾರಿಗೂ ಗೊತ್ತಿಲ್ಲ ಎಂದು ಮಕ್ಕಳಿಗೆ ಹೇಳಿದ್ದು ತಾನೇ. ಈಗ ಮಗು ಏನಾಯಿತೋ ಯಾರಿಗೂ ಗೊತ್ತಿರಲಿಲ್ಲ.

ಆ ಗಳಿಗೆಯಲ್ಲಿ ಅವಳು ಮಾಡಿದ್ದು ಇದು. ಮುಸುಕನ್ನು ಮುದುರಿ ಸೆರಗಿನೊಳಗೆ ಅಡಗಿಸಿದಳು. ಹೆದರಿದ ಮನುಷ್ಯ ಮೊದಲು ತನ್ನನ್ನೇ ಉಳಿಸಿಕೊಳ್ಳುತ್ತಾನೆ.

ತಿರುಗಿದರೆ ತಾತ ನಿಂತಿದ್ದರು.

"ಸೆರಗಲ್ಲೇನು?"

"ಏನಿಲ್ಲ, ತಾತ."

ತಾತ ಹೊಳೆಯ ಕಡೆ ನೋಡಿದರು. ಗಳಗಳು ನೀರಲ್ಲಿ ಇಳಿಯುತ್ತಿದ್ದವು, ಏಳುತ್ತಿದ್ದವು.

"ನಿಂಗೆ ಗೊತ್ತಿರೋದು ನಂಗೆ ಗೊತ್ತಿಲ್ಲ," ಎಂದರು. "ಅದಕ್ಕೆ ನೀರಲ್ಲಿ ಹುಡುಕ್ತಾ ಇದೀವಿ."

ರೆಜಿನಾ ಮುಸುಕು ತೆಗೆದು ಕೊಟ್ಟಳು. ಕಥೆ ಹೇಳಿದಳು. ಅಜ್ಜಿಯದೆಷ್ಟು, ತನ್ನದೆಷ್ಟು ಎಂಬುದನ್ನೂ ಹೇಳಿದಳು.

ತಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

"ಪಾಪ ಮಾಡಿದವರು ಎಲ್ಲಿಗೆ ಹೋಗ್ಬೇಕು ಅಂತ ಕಲಿಸಿದೀಯಾ?"

"ಚರ್ಚಲ್ಲಿ ಫಾದರ್ ಹತ್ರ ಪಾಪನಿವೇದನೆಗೆ."

"ಚೆನ್ನಾಗಿ ಕಲಿಸಿದೀಯಾ?"

ರೆಜಿನಾ ಅವರ ಮುಖ ನೋಡಿದಳು. ಆಮೇಲೆ ಇಬ್ಬರೂ ಚರ್ಚಿನ ಕಡೆ ನಡೆದರು. ತಾತನಿಗೆ ಓಡಲು ಆಗುತ್ತಿರಲಿಲ್ಲ. ಅವರನ್ನು ಬಿಟ್ಟು ಮುಂದೆ ಹೋಗಲು ರೆಜಿನಾಗೆ ಧೈರ್ಯವಿರಲಿಲ್ಲ. ಅಲ್ಲೂ ಇಲ್ಲದಿದ್ದರೆ ಏನು ಎಂಬ ಮಾತು ಅವಳ ಜೊತೆಗೇ ನಡೆದು ಬಂತು.

ಚರ್ಚಿನೊಳಗೆ ಯಾರೂ ಇರಲಿಲ್ಲ. ಮೂಲೆಯಲ್ಲಿ ಪಾಪನಿವೇದನೆಯ ಮರದ ಗೂಡು. ಒಂದು ಕಡೆ ಫಾದರ್ ಕೂರುವ ಪೀಠ, ನಡುವೆ ಜಾಲಿ, ಇನ್ನೊಂದು ಕಡೆ ಮೊಣಕಾಲೂರುವ ಹಲಗೆ. ಹಲಗೆಯ ಕಡೆಯ ಪರದೆ ನೆಲದಿಂದ ಸ್ವಲ್ಪ ಮೇಲಿತ್ತು. ಅದರ ಕೆಳಗೆ ಎರಡು ಬಿಳಿ ಬೂಟು.

ರೆಜಿನಾಗೆ ಹೋದ ಜೀವ ಬಂತು.

ತಾತ ಬಾಗಿಲಲ್ಲಿ ಹೋಗುತ್ತಿದ್ದವನೊಬ್ಬನನ್ನು ಕರೆದರು. "ಮಗು ಇಲ್ಲೈತೆ ಅಂತ ಲೂರ್ದಮ್ಮಂಗೆ ಹೇಳು. ಈಗಲೇ ಯಾರೂ ಒಳಗೆ ಬರ್ಬೇಡಿ. ಚಪ್ಪರದಲ್ಲೇ ಕೂತಿರಿ."

ಆಮೇಲೆ ಪರದೆ ಸರಿಸಿದರು.

ಅಗ್ನೇಸು ಮೊಣಕಾಲೂರಿ, ಖಾಲಿ ಪೀಠದ ಕಡೆ ಜಾಲಿಯಲ್ಲಿ ನೋಡುತ್ತಿದ್ದಳು. ತುಟಿ ಬಿಗಿಯಾಗಿ ಮುಚ್ಚಿತ್ತು. ತುಟಿಯ ತುದಿಯಲ್ಲಿ ರಕ್ತ ಒಣಗಿತ್ತು.

"ಫಾದರ್ ಪಕ್ಕದೂರಿಗೆ ಹೋಗಿದಾರೆ, ತಾಯಿ," ಎಂದರು ತಾತ. "ಬರೋದು ಹೊತ್ತಾಗುತ್ತೆ."

ಅಗ್ನೇಸು ಅಲ್ಲಾಡಲಿಲ್ಲ. ಕಾಯುತ್ತೇನೆ ಎನ್ನುವಂತೆ ಹಲಗೆಯನ್ನು ಹಿಡಿದುಕೊಂಡಳು.

ರೆಜಿನಾ ನೆಲದ ಮೇಲೆ ಕೂತಳು. "ಅಗ್ನೇಸು, ಬಾಯಿ ತೆಗಿ ಪುಟ್ಟಿ. ನಾನು ಹೇಳಿದ ಕಥೆ ನಿಜ ಅಲ್ಲ."

ಮಗು ಅವಳನ್ನು ನೋಡಿತು. ಆ ನೋಟದಲ್ಲಿ ನಂಬಿಕೆ ಇರಲಿಲ್ಲ. ಮೊದಲು ನಿಜ ಎಂದವರೂ ಇವರೇ, ಈಗ ಅಲ್ಲ ಎನ್ನುವವರೂ ಇವರೇ. ಬಾಯಲ್ಲಿ ಮಾತ್ರ ರಕ್ತ ಬಂದದ್ದು ನಿಜ.

"ನಿಜವಾಗ್ಲೂ ಅಲ್ಲ, ಪುಟ್ಟಿ. ಆಣೆಗೂ ಅಲ್ಲ."

ತುಟಿ ಇನ್ನೂ ಬಿಗಿಯಾಯಿತು.

"ಏನು ಮಾಡ್ಲಿ, ತಾತ?"

ತಾತ ಪೂಜಾಸಾಮಾನಿನ ಕೋಣೆಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಅಭ್ಯಾಸದ ರೊಟ್ಟಿಯ ಡಬ್ಬಿ. ಒಂದು ಬಿಲ್ಲೆ ತೆಗೆದು ರೆಜಿನಾ ಅಂಗೈಯಲ್ಲಿ ಇಟ್ಟರು.

"ಕಚ್ಚು."

"ನಾನಾ?"

"ಬಾಯಿ ತುಂಬ ಹಲ್ಲಿರೋಳು ನೀನು. ನಂಗೆಲ್ಲಿದೆ?"

ರೆಜಿನಾ ಬಿಲ್ಲೆಯನ್ನು ಬಾಯಿಗಿಟ್ಟಳು. ಅದು ಬರೀ ಹಿಟ್ಟು, ಬರೀ ನೀರು. ಸಿಸ್ಟರುಗಳು ಅದನ್ನು ಸುಡುವಾಗ ಎಷ್ಟೋ ಸಲ ಪಕ್ಕದಲ್ಲೇ ನಿಂತಿದ್ದಳು. ಹಲ್ಲಿನ ನಡುವೆ ತಂದಳು.

ದವಡೆ ಕೂಡಲಿಲ್ಲ.

ಮತ್ತೆ ಪ್ರಯತ್ನಿಸಿದಳು. ಆಗಲಿಲ್ಲ. ಅಜ್ಜಿಯ ಮುಖ ಕಂಡಿತು. ಇವತ್ತಿನವರೆಗೂ ಅವಳು ಒಂದೇ ಒಂದು ಸಲ ಪ್ರಸಾದ ಅಗಿದಿರಲಿಲ್ಲ. ಬಾಯಿ ಬಿಗಿದುಕೊಂಡು, ಉಸಿರು ಬಿಗಿಹಿಡಿದು, ಹೆದರಿ ಹೆದರಿ ನುಂಗಿದ್ದಳು. ಹಾಗೆ ನುಂಗುವುದನ್ನೇ ಇಷ್ಟು ವರ್ಷ ಭಕ್ತಿ ಎಂದುಕೊಂಡಿದ್ದಳು.

ಅವಳ ಕಣ್ಣಲ್ಲಿ ನೀರು ತುಂಬಿತು. ಮಗು ಅವಳನ್ನೇ ನೋಡುತ್ತಿತ್ತು. ನೋಡಿ, ನಿಮಗೂ ಹೆದರಿಕೆ ಎಂದು ಆ ಕಣ್ಣು ಹೇಳುತ್ತಿತ್ತು.

"ತಾತ, ಆಗ್ತಿಲ್ಲ."

"ಪೂಜೆಯಲ್ಲಿ ಫಾದರ್ ಏನು ಹೇಳ್ತಾರೆ?"

"ತೆಗೆದುಕೊಂಡು ಭುಜಿಸಿರಿ ಅಂತಾರೆ."

"ಹೆದರ್ಕೊಂಡು ನುಂಗಿ ಅಂತಾರಾ?"

"ಇಲ್ಲ."

"ನಾನೂ ನಿನ್ನ ಹಾಗೇ ನುಂಗ್ತಿದ್ದೆ ಕಣವ್ವ. ನಮಗೆ ಕಲಿಸಿದವರೂ ಹಾಗೇ ಹೇಳಿದ್ರು. ಹಲ್ಲೆಲ್ಲ ಉದುರಿದ ಮೇಲೆ ನಂಗೆ ಧೈರ್ಯ ಬಂತು." ತಾತ ಬೋಳು ವಸಡು ತೋರಿಸಿ ನಕ್ಕರು. "ಅಷ್ಟು ತಡ ಮಾಡ್ಬೇಡ."

ರೆಜಿನಾ ಕಣ್ಣು ಮುಚ್ಚಲಿಲ್ಲ. ಮಗುವಿನ ಮುಖ ನೋಡುತ್ತಲೇ ಕಚ್ಚಿದಳು.

ಚಟ್ ಎಂದಿತು. ಖಾಲಿ ಚರ್ಚಿನಲ್ಲಿ ಆ ಸದ್ದು ದೊಡ್ಡದಾಗಿ ಕೇಳಿಸಿತು. ಅಗ್ನೇಸು ಬೆಚ್ಚಿ ಹಿಂದೆ ಸರಿದಳು.

ರೆಜಿನಾ ಅಗಿದಳು. ನುಂಗಿದಳು. ಬಾಯಿ ಅಗಲಿಸಿ ತೋರಿಸಿದಳು.

ಮಗು ಬಗ್ಗಿ ನೋಡಿತು. ನಂಬಿಕೆ ಬರಲಿಲ್ಲ. ಬೆರಳು ಹಾಕಿ ರೆಜಿನಾಳ ಹಲ್ಲು, ವಸಡು, ನಾಲಗೆ ಮುಟ್ಟಿತು. ಬೆರಳನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿತು.

ರಕ್ತ ಇರಲಿಲ್ಲ.

ಆಗ ಅಗ್ನೇಸು ಬಾಯಿ ತೆರೆದಳು. ನಾಲಗೆಯ ಮೇಲೆ ಅಕ್ಕಿಕಾಳಿನಂಥ ಒಂದು ಹಲ್ಲು. ಪ್ರಸಾದ ತಾಗಿದ ಹಲ್ಲನ್ನು ಉಗುಳಿದರೆ ಯೇಸುಸ್ವಾಮಿಯನ್ನು ಉಗುಳಿದ ಪಾಪ, ನುಂಗಿದರೆ ಇನ್ನೇನೋ ಎಂದು ಅಷ್ಟು ಹೊತ್ತೂ ಹಾಗೇ ಇಟ್ಟುಕೊಂಡಿದ್ದಳು.

ರೆಜಿನಾ ಅಂಗೈ ಒಡ್ಡಿದಳು. ಹಲ್ಲು ಅಂಗೈಗೆ ಬಿತ್ತು.

"ರಕ್ತ ಯಾರ್ದು, ರೆಜಿನಕ್ಕ?"

"ನಿಂದೇ ಪುಟ್ಟಿ. ಹಲ್ಲು ಬಿದ್ದದ್ದಕ್ಕೆ ಬಂದದ್ದು."

"ಯೇಸುಸ್ವಾಮಿಗೆ ನೋವಾಗ್ಲಿಲ್ವಾ?"

ತಾತ ಹೇಳಿದರು:

"ಆಗಿರುತ್ತೆ ತಾಯಿ. ನೀನು ಇಲ್ಲಿ ಒಬ್ಳೇ ಹೆದರ್ಕೊಂಡು ಕೂತಿದ್ದೆಯಲ್ಲ, ಅದಕ್ಕೆ."

ಅಗ್ನೇಸು ಆಗ ಅತ್ತಳು. ಬಾಯಿ ತುಂಬ ತೆರೆದು, ಮಕ್ಕಳು ಅಳುವ ಹಾಗೆ ಅತ್ತಳು. ಬಾಗಿಲಾಚೆ ಉಸಿರು ಹಿಡಿದು ನಿಂತಿದ್ದ ಲೂರ್ದಮ್ಮ ಇನ್ನು ತಡೆಯಲಾರದೆ ಒಳಗೆ ಬಂದು ಮಗಳನ್ನು ಬಾಚಿಕೊಂಡಳು.

ಮೂವರೂ ಹೊರಟರು. ತಾತ ಮಾತ್ರ ನಿಂತೇ ಇದ್ದರು.

"ಬನ್ನಿ, ತಾತ."

"ಒಂದು ಮಗು ಸಿಕ್ತು," ಎಂದರು ತಾತ. "ಉಳಿದ ಮಕ್ಕಳು?"

ರೆಜಿನಾ ನಿಂತಲ್ಲೇ ನಿಂತಳು. ಹೊಳೆಯ ದಂಡೆಯಲ್ಲಿ ಆದ ಹೆದರಿಕೆಗಿಂತ ಈ ಹೆದರಿಕೆ ಬೇರೆ ಥರ ಇತ್ತು.

"ಇಡೀ ಊರು ಕೂತಿದೆ, ತಾತ."

"ಹೂಂ."

"ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡ್ರೆ, ಇನ್ನು ಮೇಲೆ ನಾನು ಹೇಳೋದನ್ನ ಯಾರು ನಂಬ್ತಾರೆ?"

ತಾತ ಅಭ್ಯಾಸದ ರೊಟ್ಟಿಯ ಡಬ್ಬಿಯನ್ನು ಅವಳ ಕೈಗಿಟ್ಟು ಮುಂದೆ ನಡೆದರು.

ಚಪ್ಪರದಲ್ಲಿ ಉಪ್ಪಿಟ್ಟು ತಣ್ಣಗಾಗಿತ್ತು. ಹೊಳೆಗೆ ಇಳಿದಿದ್ದವರು ಒದ್ದೆ ಪಂಚೆಯಲ್ಲೇ ಎಲೆಯ ಮುಂದೆ ಬಂದು ಕೂತಿದ್ದರು. ಒಬ್ಬರೂ ಕೈ ಹಚ್ಚಿರಲಿಲ್ಲ. ಒಂದು ಮಗು ಇನ್ನೂ ಕಚ್ಚಿರಲಿಲ್ಲವಲ್ಲ.

ರೆಜಿನಾ ನಡುವೆ ನಿಂತಳು.

"ಮಕ್ಕಳೇ, ನಾನು ಒಂದು ಕಥೆ ಹೇಳಿದ್ನಲ್ಲ, ರಕ್ತ ಬಂದ ಹುಡುಗಂದು. ಅಂಥ ಹುಡುಗ ಇರಲೇ ಇಲ್ಲ. ನೀವು ಸುಮ್ಮನೆ ಕೂರಲಿ ಅಂತ ನಿಮ್ಮನ್ನ ಹೆದರಿಸ್ದೆ. ಅದರಿಂದ ಇವತ್ತು ಅಗ್ನೇಸು ಬಾಯಿ ತೆಗೆಯೋಕೂ ಹೆದರಿದ್ಳು. ತಪ್ಪು ನಂದು. ಕ್ಷಮಿಸಿ."

ದೊಡ್ಡವರು ಅವಳನ್ನು ನೋಡಿದರು. ಕೆಲವರು ತಲೆ ತಗ್ಗಿಸಿದರು. ಆ ಕಥೆಯನ್ನು ಅವರೂ ತಮ್ಮ ತಮ್ಮ ಮನೆಗಳಲ್ಲಿ ಹೇಳಿದ್ದರು.

ಅಭ್ಯಾಸದ ದಿನ ರೊಟ್ಟಿ ಗಂಟಲಲ್ಲಿ ಸಿಕ್ಕಿಸಿಕೊಂಡಿದ್ದ ಹುಡುಗ ಎದ್ದು ನಿಂತ.

"ಹಂಗಾದ್ರೆ ನರಕ, ರೆಜಿನಕ್ಕ? ಅದೂ ಸುಳ್ಳಾ?"

ಯಾರೋ ನಗಲು ಹೋಗಿ ನಿಲ್ಲಿಸಿದರು. ರೆಜಿನಾ ತಾತನ ಕಡೆ ನೋಡಿದಳು. ತಾತ ತಮ್ಮ ಎಲೆಯ ಬಾಳೆಹಣ್ಣನ್ನು ನೋಡುತ್ತಿದ್ದರು.

"ಸುಳ್ಳಲ್ಲ," ಎಂದಳು ರೆಜಿನಾ. "ಆದರೆ ಅದರ ಬಗ್ಗೆ ನಾನು ಹೇಳಿದ್ರಲ್ಲಿ ನನಗೆ ಗೊತ್ತಿಲ್ಲದ್ದೂ ಇತ್ತು. ಸರಿಯಾಗಿ ಕಲಿತುಕೊಂಡು ಹೇಳ್ತೀನಿ."

ಹುಡುಗ ಸ್ವಲ್ಪ ಯೋಚಿಸಿ ಕೂತ.

ಲೂರ್ದಮ್ಮ ಮಗಳ ಕೈಗೆ ಬೇರೆ ಕಜ್ಜಾಯ ಕೊಟ್ಟಳು. ಅಗ್ನೇಸು ಮುಂದಿನ ಹಲ್ಲಿಲ್ಲದ್ದರಿಂದ ತಲೆ ಓರೆ ಮಾಡಿ, ಪಕ್ಕದ ಹಲ್ಲಲ್ಲಿ ಕಚ್ಚಿದಳು. ಚಪ್ಪರದಲ್ಲಿ ಎಲ್ಲರ ಕೈ ಒಟ್ಟಿಗೆ ಎಲೆಗೆ ಇಳಿಯಿತು. ತಣ್ಣನೆಯ ಉಪ್ಪಿಟ್ಟನ್ನು ಯಾರೂ ಆಡಿಕೊಳ್ಳಲಿಲ್ಲ.

ಊಟದ ನಡುವೆ ಅಗ್ನೇಸು ಎದ್ದು ಬಂದು ರೆಜಿನಾ ಸೆರಗು ಎಳೆದಳು.

"ಹಲ್ಲು ಕೊಡಿ. ಮಾಡಿನ ಮೇಲೆ ಎಸೀಬೇಕು. ಚರ್ಚಿನ ಮಾಡಿನ ಮೇಲೆ ಎಸೆದ್ರೆ ಪಾಪ ಬರುತ್ತಾ?"

ರೆಜಿನಾ ಉತ್ತರ ಕೊಡಲು ಬಾಯಿ ತೆರೆದಳು. ಮಗು ಅವಳ ತುಟಿಯನ್ನೇ ನೋಡುತ್ತಿತ್ತು. ಏನು ಹೇಳಿದರೂ ನಂಬುವ ಮುಖ. ಇಷ್ಟೆಲ್ಲ ಆದ ಮೇಲೂ ನಂಬುವ ಮುಖ.

ರೆಜಿನಾ ಹಲ್ಲನ್ನು ಮಗುವಿನ ಅಂಗೈಗೆ ಇಟ್ಟಳು.

"ಬರಲ್ಲ," ಎಂದಳು, ಬಹಳ ಹೊತ್ತು ಯೋಚಿಸಿ.

ಎಲ್ಲರೂ ಮನೆಗೆ ಹೋದ ಮೇಲೆ ತಾತ ಕೋಣೆಯ ಬಾಗಿಲಿಗೆ ಬೀಗ ಹಾಕುತ್ತಿದ್ದರು. ರೆಜಿನಾ ಡಬ್ಬಿ ಹಿಡಿದು ಬಂದಳು.

"ತಾತ, ನಾನು ಇನ್ನು ಪಾಠ ಮಾಡಲಾರೆ. ಬೇರೆ ಯಾರನ್ನಾದರೂ ನೋಡಿ."

"ಯಾಕವ್ವ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲಿಲ್ಲ. ನನಗೆ ಹೆದರಿಕೆ ಆಗುತ್ತೆ."

"ಊರವರದಾ?"

"ಅಲ್ಲ."

"ಫಾದರ್‌ದಾ?"

"ಅಲ್ಲ."

"ದೇವರದಾ?"

"ಅಲ್ಲ, ತಾತ. ಮಕ್ಕಳದು. ನಾನು ಏನು ಹೇಳಿದ್ರೂ ನಂಬಿಬಿಡ್ತಾರೆ."

ತಾತ ಉಡಿದಾರದಿಂದ ಬೀಗದ ಕೈ ಬಿಚ್ಚಿ, ಅವಳ ಕೈಯಲ್ಲಿದ್ದ ಡಬ್ಬಿಯ ಮೇಲೆ ಇಟ್ಟರು.

"ಭಾನುವಾರ ಬೇಗ ಬಾ. ಬಾಗಿಲು ತೆಗೆಯೋಕೆ ಮೊದಲೇ ಮಕ್ಕಳು ಬಂದು ಕಾಯ್ತಿರ್ತಾರೆ."